ಬೆಂಚಿನ ಮೇಲೆ ಕುಳಿತ ಹಿಟ್ಟು

ಅದು ಶುರುವಾದದ್ದು ಹಲ್ಲು ಕಟಕಟಿಸುವ ಚಳಿಗಾಲದಲ್ಲಿ, ಬೀದಿದೀಪಗಳು ಇನ್ನೂ ಆರದ ಬೆಳಗಿನ ಹೊತ್ತು. ಬೇಕರಿಯವನು ನಾದಿಟ್ಟ ಹಿಟ್ಟು ಉಬ್ಬಲೊಲ್ಲೆ ಎಂದು ಹಟ ಹಿಡಿದು ತೊಟ್ಟಿಯ ತಳದಲ್ಲೇ ಮಲಗಿತ್ತು.

ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳಿರಬೇಕಾದ ಜಾಗದಲ್ಲಿ, ಅವನ ಹೆಂಡತಿಯ ತಮ್ಮ ತಂದಿಟ್ಟ ಇನ್‌ಫ್ರಾರೆಡ್ ಸೌನಾ ನಿಂತಿತ್ತು. ಮರದ ಗೋಡೆ, ಗಾಜಿನ ಬಾಗಿಲು, ಒಳಗೊಂದು ಬೆಂಚು. ಗುಂಡಿ ಒತ್ತಿದರೆ ಹಬೆಯೇ ಇಲ್ಲದೆ ಮೈ ಬೆವರಿಸುವ ಪೆಟ್ಟಿಗೆ. ಇಂಥವನ್ನು ಮಾರುವುದು ಭಾವಮೈದನ ಹೊಸ ಕಸುಬು.

"ಇದೊಂದು ಮಾರಾಟ ಆಗ್ಲಿ ಭಾವ, ಆವತ್ತೇ ಹೊರಡ್ತೀನಿ. ಕಂಪನಿಯವರು ಬೇರೆ ಊರು ಕೊಡ್ತಾರೆ" ಎಂದು ಮಳೆಗಾಲದಲ್ಲಿ ಹೇಳಿದ್ದ. ಚಳಿ ಬಂದರೂ ಮಾರಾಟವಿಲ್ಲ. ಬೇಕರಿಯವನ ಮೆತ್ತನೆಯ ದಿಂಬಿನ ಮೇಲೆ ಭಾವಮೈದನ ತಲೆ ಬೇರು ಬಿಟ್ಟಿತ್ತು. ಬೇಕರಿಯವನು ಮಡಿಚಿದ ಗೋಣಿಚೀಲಕ್ಕೆ ತಲೆಕೊಟ್ಟು ಮಲಗುತ್ತಿದ್ದ. ಆ ದಿಂಬು ಮರಳಿ ಬರಬೇಕು, ಅಷ್ಟೇ ಅವನ ಆಸೆ.

ಅಂದು ರಿಟೈರಾದ ಹೆಡ್‌ಮಿಸ್ಟ್ರೆಸ್ ಒಬ್ಬರು ಸೌನಾ ನೋಡಲು ಬರುವವರಿದ್ದರು. ಅವರು ಬರುವಷ್ಟರಲ್ಲಿ ಎತ್ತಿದರಾಯಿತೆಂದು ಬೇಕರಿಯವನು ತೊಟ್ಟಿಯನ್ನು ಬೆಂಚಿನ ಮೇಲೇರಿಸಿ, ಒದ್ದೆ ಬಟ್ಟೆ ಹೊದಿಸಿ, ಪೆಟ್ಟಿಗೆಯನ್ನು ಒಂದಿಷ್ಟು ಬೆಚ್ಚಗೆ ಮಾಡಿ ಆರಿಸಿದ. ಆಮೇಲೆ ಒಲೆಯಲ್ಲಿದ್ದ ಬನ್ನುಗಳ ಗಡಿಬಿಡಿಯಲ್ಲಿ ಮರೆತೇಬಿಟ್ಟ.

ಮೇಡಂ ಬಂದರು. ಭಾವಮೈದ ಬಾಯಿಗೆ ಬಂದದ್ದೆಲ್ಲ ಸುರಿದ. "ಮಂಡಿನೋವು ಮಾಯ ಮೇಡಂ! ನಿದ್ದೆ, ಚರ್ಮ, ಹೃದಯ, ತೂಕ, ಎಲ್ಲಾ ಸರಿಹೋಗುತ್ತೆ!"

"ಕೂದಲೂ ಬೆಳೆಯುತ್ತೇನಪ್ಪಾ?" ಎಂದು ಮೇಡಂ ಅವನ ಬೋಳುತಲೆ ನೋಡಿ ಬಾಗಿಲು ತೆರೆದರು. ತೆರೆದವರೇ ಧಡಕ್ಕನೆ ಮುಚ್ಚಿದರು.

"ಒಳಗೆ ಯಾರೋ ಕೂತಿದಾರಲ್ರೀ! ದಪ್ಪಗಿದಾರೆ. ತಲೆ ತುಂಬ ಬಟ್ಟೆ ಹೊದ್ಕೊಂಡಿದಾರೆ."

ಅಷ್ಟರಲ್ಲಿ ನೆನಪಾಗಿ ಓಡಿಬಂದ ಬೇಕರಿಯವನು ಒಳನುಗ್ಗಿದ. ಬಟ್ಟೆ ಸರಿಸಿ ಹಿಟ್ಟಿನ ಹೊಟ್ಟೆಗೆ ಬೆರಳು ಒತ್ತಿದ, ಕುಳಿ ನಿಧಾನವಾಗಿ ತುಂಬುವುದನ್ನು ನೋಡಿದ. ಅದು ಅವನ ಕೈಗೆ ಅಂಟಿದ ಅಭ್ಯಾಸ. ಊರು ಮುಳುಗಿದರೂ ಮೊದಲು ಹಿಟ್ಟು ಒತ್ತಿ ನೋಡುವವನು.

"ಅಯ್ಯೋ, ಅವರನ್ನ ಯಾಕ್ರೀ ಚುಚ್ತೀರಿ!" ಎಂದು ಮೇಡಂ ಕೂಗಿದರು.

"ಆಗಿದೆಯಾ ನೋಡ್ದೆ ಮೇಡಂ. ಚೆನ್ನಾಗಿ ಉಬ್ಬಿದೆ. ಇನ್ನು ಒಲೆಗೆ ಹಾಕೋದೇ."

ಮೇಡಂ ಗೋಡೆ ಹಿಡಿದುಕೊಂಡರು. ಬೇಕರಿಯವನು ತೊಟ್ಟಿಯನ್ನು ಹೊರಗೆ ತಂದು ತೋರಿಸಿದ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾವಮೈದನ ಮುಖ ಮಾತ್ರ ಇಳಿದುಹೋಗಿತ್ತು. "ಮುಗೀತು ಬಿಡಿ ಭಾವ" ಎಂದು ಗೊಣಗಿದ. ಬೇಕರಿಯವನ ಕಣ್ಣ ಮುಂದೆ ಗೋಣಿಚೀಲ ಸುಳಿಯಿತು.

ಮೇಡಂ ಕಣ್ಣೊರೆಸಿಕೊಂಡು ತಾವೇ ಒಳಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಕೆಂಪಗಾಗಿ ಹೊರಬಂದು ಒಂದು ಚೊಂಬು ನೀರು ಕುಡಿದರು.

"ಡಾಕ್ಟರನ್ನ ಕೇಳೇ ಬಂದಿದೀನಪ್ಪಾ. ಬೆಚ್ಚಗಿದ್ರೆ ನೋವು ಸ್ವಲ್ಪ ಹಗುರ ಆಗಬಹುದು, ಉಳಿದದ್ದು ಇನ್ನೂ ಸರಿಯಾಗಿ ಗೊತ್ತಿಲ್ಲ ಅಂದ್ರು. ಅತಿಯಾಗಿ ಕೂರಬೇಡಿ ಅಂದ್ರು. ನೀನು ಹೇಳಿದ ಹೃದಯ, ತೂಕ ನಂಬಲ್ಲ. ಆದರೆ ಆ ಹಿಟ್ಟು ಸುಳ್ಳು ಹೇಳಲ್ಲ. ಅದಕ್ಕೆ ಹಿತವಾಗಿದೆ, ನನ್ನ ಮಂಡಿಗೂ ಆಯ್ತು. ಕಳಿಸಿಕೊಡು."

ಪೆಟ್ಟಿಗೆ ಲಾರಿ ಏರಿತು. ಒಡೆಯದಂತೆ ನೋಡಿಕೊಳ್ಳಲೆಂದು ಭಾವಮೈದ ಅದರೊಳಗೇ ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಗಂಟು ಇಟ್ಟುಕೊಂಡ. ಅವನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಭಾವ, ನಾಳೆ ಹಿಟ್ಟಿಗೇನು ಮಾಡ್ತೀರಿ?" ಎಂದು ಗಾಜಿನ ಒಳಗಿಂದ ಕೂಗಿದ.

ಬೇಕರಿಯವನಿಗೆ ಅದು ಹೊಳೆದೇ ಇರಲಿಲ್ಲ. ಕಂಕುಳಲ್ಲಿದ್ದ ದಿಂಬನ್ನು ಗಟ್ಟಿಯಾಗಿ ಅವಚಿಕೊಂಡು, "ನೀನು ಹೊರಡಯ್ಯಾ" ಎಂದ.

ಮರುದಿನದಿಂದ ಆ ಮೆತ್ತನೆಯ ದಿಂಬು ತೊಟ್ಟಿಯ ಬಾಯ ಮೇಲೆ, ಹಿಟ್ಟು ಬೆಚ್ಚಗಿರಲೆಂದು. ಬೇಕರಿಯವನ ತಲೆಗೆ ಮತ್ತೆ ಗೋಣಿಚೀಲವೇ.