ಅಣ್ಣನ ನಂಬರಿನ ಮೇಲೆ ನನ್ನ ವ್ಯಾಪಾರ

ತೆಲಂಗಾಣದ ನಮ್ಮೂರು ಮೊಗುಡಂಪಲ್ಲಿಯಲ್ಲಿ ಬಸ್ಸು ಹತ್ತಿ, ಸೀಟು ಹಿಡಿದು, ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬೀದರ್ ಜಿಲ್ಲೆ ಬಂದಿರುತ್ತದೆ. ನಮ್ಮ ಹೆಣ್ಣುಮಕ್ಕಳನ್ನು ಆ ಕಡೆ ಕೊಡುತ್ತೇವೆ, ಆ ಕಡೆಯವರನ್ನು ಈ ಕಡೆ ತಂದುಕೊಳ್ಳುತ್ತೇವೆ. ನನ್ನ ತವರೂ ಆ ಕಡೆಯದೇ. ಹೀಗಿರುವಾಗ ಅದು ಕರ್ನಾಟಕ, ಬೇರೆ ರಾಜ್ಯ ಎಂಬುದು ನನ್ನ ತಲೆಗೆ ಹೋಗಿರಲೇ ಇಲ್ಲ. ಅದರಿಂದ ಏನಾಯಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಮ್ಮ ಮಹಿಳಾ ಸಂಘದ ಆರು ಮಂದಿ ಆನ್‌ಲೈನ್‌ನಲ್ಲಿ ಸಾಮಾನು ಮಾರಲು ಹೊರಟಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಅವರೂ ನಾನು ಬಿದ್ದಲ್ಲೇ ಬೀಳುತ್ತಾರೆ.

ನನ್ನ ಹೆಸರು ಪ್ರೇಮಲಾ. ಮಿಷನ್ ಮೇಲೆ ಕುಲಾಯಿ, ಕುಂಚಗಿ ಹೊಲಿಯುತ್ತೇನೆ. ಕುಲಾಯಿ ಎಂದರೆ ಕೂಸಿನ ಟೋಪಿ. ಕುಂಚಗಿ ತಲೆಯಿಂದ ಬೆನ್ನಿನವರೆಗೆ ಇಳಿಯುವ ಹೊದಿಕೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಇವೆರಡೂ ಇರಲೇಬೇಕು. ಆದರೆ ಒಂದೂರಲ್ಲಿ ವರ್ಷಕ್ಕೆ ಎಷ್ಟು ಕೂಸು ಹುಟ್ಟೀತು? ಅದಕ್ಕೇ ಆನ್‌ಲೈನ್ ಮಾರುಕಟ್ಟೆಗೆ ಹೋಗುವ ಆಸೆ ಹುಟ್ಟಿತು.

ಆಗ ನಮ್ಮ ಸಂಘದ ಸಭೆಗೆ ಶಿರೀಷಾ ಬಂದಿದ್ದಳು. ಅವಳು ಹತ್ತಿರದ ಜಹೀರಾಬಾದಿನಲ್ಲಿ ಅಂಗಡಿಯವರ ತೆರಿಗೆ ಕಾಗದ ನೋಡುತ್ತಾಳೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಮಾತ್ರ ಬಲು ನಿಧಾನ.

"ಅಕ್ಕಾ, ತೆಲಂಗಾಣದಾಗೇ ಮಾರ್ತೀರಿ, ವರ್ಷದ ವ್ಯಾಪಾರ ಇಪ್ಪತ್ತು ಲಕ್ಷದೊಳಗ ಅದ ಅಂದ್ರ, ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕಾಗಿಲ್ಲ. ಸರ್ಕಾರದ ಪೋರ್ಟಲ್‌ದಾಗ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರ ಸಾಕು" ಎಂದಳು.

"ಬೀದರಕ್ಕ ಕಳಿಸಿದ್ರ?" ಎಂದು ಕೇಳಿದೆ.

"ಅದು ಕರ್ನಾಟಕ ಅಲ್ಲೇನ್ರಿ? ಹಿಂಗ ಆನ್‌ಲೈನ್‌ದಾಗ ರಾಜ್ಯ ದಾಟಿ ಒಂದು ಕುಲಾಯಿ ಮಾರಿದ್ರೂ ಮೊದಲು ನಿಮ್ಮ ಹೆಸರೀಲೆ ರಿಜಿಸ್ಟ್ರೇಷನ್ ಬೇಕು. ಅದಕ್ಕ ಸರ್ಕಾರದ ಫೀಸ್ ಏನಿಲ್ಲ. ಆದ್ರ ಆಮ್ಯಾಲ ಟೈಮಿಗೆ ಸರಿಯಾಗಿ ರಿಟರ್ನ್, ಅಂದ್ರ ವ್ಯಾಪಾರದ ಲೆಕ್ಕ, ಹಾಕಬೇಕಾಗ್ತದ. ವ್ಯಾಪಾರ ಆಗ್ಲಿಲ್ಲಂದ್ರೂ ಆಗಿಲ್ಲಂತ ಹಾಕಬೇಕು."

ನಾನು ನಕ್ಕುಬಿಟ್ಟೆ. "ಬೀದರಕ್ಕ ನಾ ಸಂತಿ ಮಾಡಾಕ ಹೋಗ್ತೀನವ್ವ. ಕೂಸಿನ ಟೋಪಿ ಮ್ಯಾಲ ಸರ್ಕಾರದ ಕಣ್ಣ ಯಾಕ ಬೀಳ್ತದ? ಟ್ಯಾಕ್ಸ್ ಗೀಕ್ಸ್ ಎಲ್ಲಾ ದೊಡ್ಡ ಸೇಠ್‌ಗಳಿಗೆ."

ಸಭೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಇನ್ನಷ್ಟು ಹುರುಪು ಬಂತು. ಶಿರೀಷಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತನ್ನ ಫೋನ್ ನಂಬರ್ ಬರೆದುಕೊಟ್ಟು ಹೋದಳು.

ಕುಲಾಯಿ, ಕುಂಚಗಿ ಬೇಕಾದವರೆಲ್ಲ ಇರುವುದು ಬೀದರ್, ಕಲಬುರಗಿ ಕಡೆಯೇ. ಹೈದರಾಬಾದಿನವರಿಗೆ ಕುಂಚಗಿ ಎಂದರೇನೆಂದೇ ಗೊತ್ತಿಲ್ಲ. ರಾಜ್ಯ ದಾಟದೆ ನನ್ನ ವ್ಯಾಪಾರವೇ ಇಲ್ಲ. ಆಗಲಾದರೂ ಶಿರೀಷಾಳಿಗೆ ಫೋನ್ ಮಾಡಬೇಕಿತ್ತು. ಅಷ್ಟು ಜನರೆದುರು ನಕ್ಕು ಮತ್ತೆ ಅವಳ ಹತ್ತಿರ ಹೋಗುವುದಕ್ಕೆ ಸೊಕ್ಕು ಬಿಡಲಿಲ್ಲ.

ಅಷ್ಟರಲ್ಲಿ ನಾಗರಪಂಚಮಿ ಬಂತು, ತವರಿಗೆ ಹೋದೆ. ನನ್ನ ಅಣ್ಣ ವೈಜಿನಾಥನಿಗೆ ಅಲ್ಲಿ ಬಟ್ಟೆ ದುಕಾನ ಇದೆ. ಅದಕ್ಕೆ ಜಿಎಸ್‌ಟಿ ನಂಬರೂ ಇದೆ.

"ಈ ಸಲ ಯಾವ ಸೀರಿ ಬೇಕು ತಂಗಿ?" ಎಂದು ಕೇಳಿದ.

"ಸೀರಿ ಬ್ಯಾಡ ಅಣ್ಣ. ನಿನ್ನ ದುಕಾನದ ಜಿಎಸ್‌ಟಿ ನಂಬರ್ ಕೊಡು. ಅದರ ಮ್ಯಾಲ ನಾ ಆನ್‌ಲೈನ್‌ದಾಗ ಮಾರ್ತೀನಿ."

ಪಂಚಮಿಗೆ ಬಂದ ತಂಗಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಅಣ್ಣ ನಮ್ಮ ಕಡೆ ಸಿಗುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನ ಕೇಳಿದೆ.

ಅಣ್ಣನ ಹೆಂಡತಿ ಉಮಾಬಾಯಿ ವೈನಿ ಮಾತ್ರ ಕೈಯಲ್ಲಿದ್ದ ತಾಟು ಕೆಳಗಿಟ್ಟು, "ಇದರಿಂದ ದುಕಾನಕ್ಕ ಏನರ ತೊಂದ್ರಿ ಆಗ್ತದೇನ್ರಿ?" ಎಂದರು.

"ಏನೂ ಆಗಂಗಿಲ್ಲ ವೈನಿ. ಆನ್‌ಲೈನ್ ಕಂಪನಿಯವ್ರೇ ಟ್ಯಾಕ್ಸ್ ಹಿಡಕೊಂಡು ಉಳಿದದ್ದು ಕೊಡ್ತಾರಂತ. ನಾ ಎಲ್ಲಾ ಕೇಳೀನಿ" ಎಂದೆ. ಇದರ ಬಗ್ಗೆ ನಾನು ಯಾರನ್ನೂ ಕೇಳಿರಲಿಲ್ಲ. ನನ್ನ ಹೆಸರಿನಲ್ಲೇ ರಿಜಿಸ್ಟ್ರೇಷನ್ ಬೇಕೆಂದ ಶಿರೀಷಾಳ ಮಾತನ್ನೂ ನಕ್ಕು ಹಾರಿಸಿದ್ದೆ.

ಅಣ್ಣನ ಹೆಸರಿನಲ್ಲೇ ಖಾತೆ ತೆರೆದೆವು. ನಾನು ಹೊಲಿದದ್ದನ್ನು ಬಸ್ಸಿನಲ್ಲಿ ಅವನ ದುಕಾನಕ್ಕೆ ಕಳಿಸುತ್ತಿದ್ದೆ, ಕೊರಿಯರಿನವರು ಅಲ್ಲಿಂದ ಒಯ್ಯುತ್ತಿದ್ದರು. ದುಡ್ಡು ಅಣ್ಣನ ಬ್ಯಾಂಕಿಗೆ ಬಂದು, ಅವನಿಂದ ನನ್ನ ಫೋನಿಗೆ ಬರುತ್ತಿತ್ತು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಅಣ್ಣನ ರಿಟರ್ನ್ ಹಾಕುವವರಿಗೆ ಇದನ್ನು ತಿಳಿಸಬೇಕು ಎಂದು ಅವನಿಗೂ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ಅವರು ಪ್ರತಿಸಲ ದುಕಾನದ ವ್ಯಾಪಾರವನ್ನಷ್ಟೇ ತೋರಿಸುತ್ತಾ ಹೋದರು.

ಮರುವರ್ಷ ಒಂದು ದಿನ ಅಣ್ಣ ಫೋನ್ ಮಾಡಿ, "ತಂಗಿ, ಒಮ್ಮಿ ಬಂದು ಹೋಗು" ಎಂದಷ್ಟೇ ಹೇಳಿದ. ಹೋದೆ. ದುಕಾನದಲ್ಲಿ ಕೂತಿದ್ದ. ಮುಂದೆ ಒಂದು ಕಾಗದ ಇತ್ತು.

"ನೋಟಿಸ್ ಬಂದದ. ನನ್ನ ನಂಬರ್ ಮ್ಯಾಲ ಆನ್‌ಲೈನ್‌ದಾಗ ಮಾಲ ಮಾರಾಟ ಆಗ್ಯದ, ರಿಟರ್ನ್‌ದಾಗ ತೋರಿಸಿಲ್ಲ ಅಂತ ಬರ್ದಾರ. ಬರೋಬರ್ ಜವಾಬು ಕೊಡದಿದ್ರ ನಂಬರ್ ರದ್ದಾಗಬಹುದಂತ. ನಂಬರ್ ಹೋದ್ರ ನನಗ ಮಾಲ ಯಾರ ಕೊಡ್ತಾರ? ದುಕಾನ ಹ್ಯಾಂಗ ನಡಸ್ಲಿ?"

ಇಪ್ಪತ್ತೆಂಟು ವರ್ಷದ ದುಕಾನ ಅದು. ಅಷ್ಟು ವರ್ಷದಲ್ಲಿ ಅಲ್ಲಿಗೆ ಬಂದ ಮೊದಲ ನೋಟಿಸ್ ನನ್ನಿಂದ ಬಂದಿತ್ತು.

ವೈನಿ ನೀರಿನ ಚರಿಗೆ ತಂದಿಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು, "ಏನ್ರಿ ವೈಜಿನಾಥಣ್ಣ, ಅದೇನ ಕಾಗದ?" ಎಂದರು. ಅಣ್ಣ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಕರೆಂಟ್ ಬಿಲ್ಲರಿ" ಎಂದ. ಗಿರಾಕಿಗೆ ಬಣ್ಣ ಹೋಗುವ ಬಟ್ಟೆಯನ್ನು ಹೋಗುತ್ತದೆ ಎಂದೇ ಹೇಳಿ ಮಾರುವ ಮನುಷ್ಯ ಅವನು. ನನ್ನ ಸಲುವಾಗಿ ನನ್ನೆದುರೇ ಸುಳ್ಳು ಹೇಳಿದ. ನಾನು ಅವನ ಮುಖ ನೋಡಲಾರದೆ ನೆಲ ನೋಡುತ್ತಾ ಕೂತೆ.

ಬಸ್‌ಸ್ಟ್ಯಾಂಡಿಗೆ ಬಂದು ಶಿರೀಷಾಳಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿ, "ಮೊದಲ ನನಗ ಬೈಯವ್ವ" ಎಂದೆ.

"ಬೈದ್ರ ಜವಾಬು ಕೊಡೋ ತಾರೀಖ್ ಮುಂದಕ್ಕ ಹೋಗ್ತದೇನ್ರಿ ಅಕ್ಕಾ? ಅದರ ಮ್ಯಾಲ ಯಾವ ತಾರೀಖ್ ಅದ ಹೇಳ್ರಿ" ಎಂದಳು.

ಮರುದಿನ ಜಹೀರಾಬಾದಿನಲ್ಲಿ ಅವಳೆದುರು ಅಣ್ಣನೂ ನಾನೂ ಕೂತೆವು. "ಕಂಪನಿಯವ್ರು ಕಟ್ ಮಾಡಿದ್ರಲ್ಲವ್ವ? ಅದು ಟ್ಯಾಕ್ಸ್ ಅಲ್ಲೇನು?" ಎಂದು ಕೇಳಿದೆ.

"ಅದು ಬರೀ ಒಂದು ಸಣ್ಣ ಪಾಲ ಅಕ್ಕಾ. ಯಾರ ನಂಬರ್ ಮ್ಯಾಲ ಎಷ್ಟು ಮಾರಾಟ ಆಗ್ಯದಂತ ಅವ್ರು ಸರ್ಕಾರಕ್ಕ ತಿಳಿಸ್ತಾರ. ಕಟ್ ಮಾಡಿದ್ದನ್ನ ಆ ನಂಬರಿಗೇ ಜಮಾ ಮಾಡ್ತಾರ. ವ್ಯಾಪಾರ ತೋರಿಸಿ ಪೂರಾ ಟ್ಯಾಕ್ಸ್ ತುಂಬೋದು ಮಾರಿದವ್ರ ಜವಾಬ್ದಾರಿ. ಇಲ್ಲಿ ಮಾಲ ನಿಮ್ದು, ಹೆಸರು ಅಣ್ಣಂದು. ದುಡ್ಡೂ ಅವರ ಬ್ಯಾಂಕಿಗೇ ಬಂದದ. ನಾಳಿ ಇನ್‌ಕಮ್ ಟ್ಯಾಕ್ಸ್‌ನವ್ರು ಇದು ನಿಮ್ಮ ಆದಾಯ ಅಲ್ಲೇನಂತ ಅವರನ್ನೇ ಕೇಳ್ತಾರ."

"ಈಗ ಏನ ಮಾಡೋದ್ರಿ?" ಅಣ್ಣ ಕೇಳಿದ.

"ಆ ನಂಬರ್ ಮ್ಯಾಲ ಮಾರೋದು ಇವತ್ತೇ ನಿಲ್ಲಸ್ರಿ. ಬಿಟ್ಟುಹೋದ ವ್ಯಾಪಾರ ತೋರಸ್ರಿ, ಟ್ಯಾಕ್ಸು, ಬಡ್ಡಿ ತುಂಬ್ರಿ. ಜವಾಬಿನಾಗ ಏನ ನಡದದ ಅದನ್ನೇ ಬರಿಯೋಣು. ಮುಚ್ಚಿಡೋದು ಬ್ಯಾಡ."

ಹೊಸ ಮಿಷನ್ನಿಗೆಂದು ಕೂಡಿಸಿಟ್ಟಿದ್ದ ದುಡ್ಡಿನಿಂದ ನಾನೇ ಅದನ್ನೆಲ್ಲ ತುಂಬಿದೆ. ತುಂಬಿದ್ದಕ್ಕೆ ದುಃಖವಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಬಾಕಿ ಇತ್ತು. ತವರಿಗೆ ಹೋಗಿ ಅಡಿಗೆಮನೆ ಬಾಗಿಲಲ್ಲಿ ನಿಂತೆ.

"ವೈನಿ, ಅವತ್ತ ನೀವು ಕೇಳಿದ್ರಿ. ನಾ ಸುಳ್ಳ ಹೇಳ್ದೆ. ತಪ್ಪಂತ ನನಗ ಮೊದ್ಲೇ ಒಬ್ಬಾಕಿ ಹೇಳಿದ್ಲು. ನನ್ನ ತಪ್ಪಾತ್ರಿ."

ವೈನಿ ಒಲೆ ಸಣ್ಣ ಮಾಡಿ ತಿರುಗಿದರು. "ನನಗ ನೋಟಿಸ್ ಬಂತಂತ ಸಿಟ್ಟಿಲ್ಲರಿ. ನೀವು ಹಬ್ಬದ ದಿನ ಕೇಳಿದ್ರಿ. ಅವರಿಗಿ ಇಲ್ಲ ಅನ್ನಾಕ ದಾರಿನೇ ಇಡಲಿಲ್ಲ."



ಜವಾಬು ಒಪ್ಪಿಗೆಯಾಯಿತು, ಅಣ್ಣನ ನಂಬರ್ ಉಳಿಯಿತು. ಈಗ ನನ್ನ ಹೆಸರಿನಲ್ಲೇ ರಿಜಿಸ್ಟ್ರೇಷನ್ ಇದೆ. ಕುಲಾಯಿ, ಕುಂಚಗಿ ಕಲಬುರಗಿಗೂ ಹೋಗುತ್ತವೆ, ಪುಣೆಗೂ ಹೋಗುತ್ತವೆ. ರಿಟರ್ನ್ ತಾರೀಖಿಗೆ ನಾಲ್ಕು ದಿನ ಮೊದಲೇ ಬಿಲ್ಲುಗಳನ್ನು ಶಿರೀಷಾಳಿಗೆ ಮುಟ್ಟಿಸುತ್ತೇನೆ. ವೈನಿ ನನ್ನೊಡನೆ ಮಾತಾಡುತ್ತಾರೆ, ಆದರೆ ಮೊದಲಿನಷ್ಟು ಅಲ್ಲ.

ಮೊನ್ನೆ ಸಂಘದ ಸುಜಾತಾ ಬಂದು, "ಅಕ್ಕಾ, ನಿಮ್ಮ ನಂಬರ್ ಮ್ಯಾಲ ನನ್ನ ಉಪ್ಪಿನಕಾಯಿನೂ ಮಾರ್ಲೇನ್ರಿ?" ಎಂದಳು.

"ಕೊಡಂಗಿಲ್ಲ ಸುಜಾತಾ" ಎಂದೆ. ಅವಳ ಮುಖ ಸಣ್ಣದಾಯಿತು. ನನ್ನ ಕಥೆ ಪೂರ್ತಿ ಹೇಳಿ, ಅವಳನ್ನು ಕರೆದುಕೊಂಡು ಜಹೀರಾಬಾದಿನ ಬಸ್ಸು ಹತ್ತಿದೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆನ್‌ಲೈನ್‌ನಲ್ಲಿ ಮಾರಿ, ಧೈರ್ಯವಾಗಿ ಮಾರಿ. ಆದರೆ ಮೊದಲ ಆರ್ಡರ್ ತೆಗೆದುಕೊಳ್ಳುವ ಮುಂಚೆ ನಿಮ್ಮ ಮಾಲು ರಾಜ್ಯ ದಾಟುತ್ತದೆಯೇ, ನಿಮಗೆ ಯಾವ ನೋಂದಣಿ ಬೇಕು ಎಂದು ತಿಳಿದವರನ್ನು ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿವರ್ಷ ಮತ್ತೊಮ್ಮೆ ಕೇಳಿ. ಕಂಪನಿಯವರು ಕಡಿತ ಮಾಡಿದರು ಎಂದು ರಿಟರ್ನ್ ಬಿಡಬೇಡಿ. ಲಾಭಕ್ಕೆ ಆದಾಯ ತೆರಿಗೆ ಬರುತ್ತದೆಯೇ ಎಂಬುದನ್ನೂ ವಿಚಾರಿಸಿ. ನಿಮ್ಮ ಜಿಎಸ್‌ಟಿ ನಂಬರು, ಪ್ಯಾನು ಯಾರಿಗೂ ಕೊಡಬೇಡಿ. ಇನ್ನೊಬ್ಬರದನ್ನು ಕೇಳಬೇಡಿ, ಅದರಲ್ಲೂ ನಿಮಗೆ ಇಲ್ಲ ಎನ್ನಲಾರದವರನ್ನು ಕೇಳಲೇಬೇಡಿ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅಂದು ನಾನು ನಾಚಿದೆ. ನೀವು ನಾಚಬೇಡಿ, ಇವತ್ತೇ ಹೋಗಿ ಕೇಳಿ.