ಎರಡು ಸಲ ಜಗ್ಗಿ ನೋಡುವ ಮನುಷ್ಯ

ಕುರ್ಚಿಯಲ್ಲಿ ಕೂರುವ ಮುನ್ನ ಅದರ ಬೆನ್ನನ್ನು, ಬಸ್ಸು ಹತ್ತುವ ಮುನ್ನ ಬಾಗಿಲ ಸರಳನ್ನು, ಮೊಮ್ಮಗಳನ್ನು ಉಯ್ಯಾಲೆಯಲ್ಲಿ ಕೂರಿಸುವ ಮುನ್ನ ಅದರ ಸರಪಳಿಯನ್ನು ಎರಡು ಸಲ ಬಲವಾಗಿ ಜಗ್ಗಿ ನೋಡದೆ ಮುಂದಿನ ಕೆಲಸಕ್ಕೆ ಕೈಹಾಕದ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಬಂದರಿನವರೆಲ್ಲ ಅವರನ್ನು ಜಗ್ಗಣ್ಣ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಮೊದಲ ಸಲ ತನ್ನ ಕೈ ಹಿಡಿದಾಗಲೂ ಎರಡು ಸಲ ಜಗ್ಗಿ ನೋಡಿದ್ದರೆಂದು, ಗಟ್ಟಿಯಿದೆ ಅನ್ನಿಸಿದ ಮೇಲೆಯೇ ಮದುವೆಗೆ ಒಪ್ಪಿದರೆಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಜಗ್ಗಣ್ಣ ಹಡಗಿನ ಪೈಲಟ್. ಬಂದರಿನ ಹೊರಗೆ ಹಡಗೊಂದು ಬಂದಾಗ ಪುಟ್ಟ ಬೋಟಿನಲ್ಲಿ ಅದರ ಮಗ್ಗುಲಿಗೆ ಹೋಗಿ, ಮೇಲಿನಿಂದ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ಇಲ್ಲಿನ ನೀರಿನ ಆಳವನ್ನೂ ಸೆಳೆತವನ್ನೂ ಅರಿಯದ ಕಪ್ತಾನನ ಪಕ್ಕದಲ್ಲಿ ನಿಂತು ಆ ಮಹಾಕಾಯವನ್ನು ಒಳಗೆ ಕರೆತರುವುದು ಅವರ ವೃತ್ತಿ. ಕೆಳಗೆ ಬೋಟು ಏರಿಳಿಯುತ್ತಿರುತ್ತದೆ, ಪಕ್ಕದಲ್ಲಿ ಹಡಗು ಸಾಗುತ್ತಲೇ ಇರುತ್ತದೆ, ನಡುವೆ ಮೂರಂತಸ್ತಿನ ಎತ್ತರಕ್ಕೆ ತೂಗುವ ಒಂದು ಏಣಿ. ಅವರು ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ ನಡೆಯುತ್ತಿದ್ದರು; ಮೊಣಕೈಗೆ ತೇಪೆ ಹಾಕಿದ ಕಿತ್ತಳೆ ಬಣ್ಣದ ಕೋಟಿನ ಗುಂಡಿಗಳನ್ನು ಕಡುಬೇಸಿಗೆಯಲ್ಲೂ ಕತ್ತಿನವರೆಗೆ ಹಾಕಿಕೊಳ್ಳುತ್ತಿದ್ದರು. ಪೈಲಟ್‌ಗಳ ಸರದಿ ಹಂಚುವ ಕೋಣೆಯಲ್ಲಿ ನನ್ನ ಕೆಲಸವಾದ್ದರಿಂದ ಆ ಕೋಟು ದಿನವೂ ನನ್ನ ಕಣ್ಣೆದುರು ಹಾದುಹೋಗುತ್ತಿತ್ತು.

ಜಗ್ಗುವ ಅಭ್ಯಾಸದ ಮೂಲವನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಪೈಲಟ್‌ಗಳಲ್ಲಿ ಹಿಂದಿನಿಂದ ಒಂದು ದಾಕ್ಷಿಣ್ಯವಿತ್ತು: ತನ್ನ ಹಡಗಿನಲ್ಲಿ ಬರಮಾಡಿಕೊಂಡು ಬಿಸಿ ಕಾಫಿ ಕೊಟ್ಟ ಕಪ್ತಾನನ ಮೇಲೆ ದೂರು ಬರೆಯಬಾರದು, ಕೊರತೆಯಿದ್ದರೆ ಬಾಯಲ್ಲಿ ಹೇಳಿ ಬರಬೇಕು. ಒಂದು ಹಡಗಿನ ಏಣಿಯ ಹಗ್ಗ ಸವೆದದ್ದನ್ನು ಜಗ್ಗಣ್ಣ ಹಾಗೆಯೇ ಹೇಳಿದರು, ಕಪ್ತಾನ ಎದೆಯ ಮೇಲೆ ಕೈಯಿಟ್ಟು ನಾಳೆಯೇ ಬದಲಿಸುತ್ತೇನೆಂದ, ಇವರು ದಾಖಲೆ ಪುಸ್ತಕದಲ್ಲಿ ‘ಸರಿಯಿದೆ’ ಎಂದು ಬರೆದರು. ಮೂರು ವಾರದ ಮೇಲೆ ಅದೇ ಹಡಗು ಅದೇ ಹಗ್ಗದೊಂದಿಗೆ ಬಂತು. ಅಂದು ಹತ್ತಿದವರು ಜಗ್ಗಣ್ಣನ ಅಕ್ಕನ ಗಂಡ, ಅವರೂ ಪೈಲಟ್. ಹಗ್ಗ ಹರಿದು ಬೋಟಿನ ಮೇಲೆ ಬಿದ್ದ ಭಾವ ಬದುಕಿದರು, ಆದರೆ ಮತ್ತೆ ಎದ್ದು ನಡೆಯಲಿಲ್ಲ. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಜಗ್ಗಣ್ಣ ಹೇಳಿದ್ದು ನನಗೆ ನೆನಪಿದೆ.

ಮುಂದೆ ಎಲ್ಲ ಪೈಲಟ್‌ಗಳ ಕೈಗೂ ಒಂದೊಂದು ಟ್ಯಾಬ್ ಬಂತು. ಹತ್ತುವ ಮುನ್ನ ಏಣಿಯ ಫೋಟೋ ತೆಗೆಯಬೇಕು. ಕೊರತೆ ಬರೆದರೆ ಆ ಹಡಗು ಮುಂದೆ ಹೋಗುವ ಬಂದರುಗಳ ಪೈಲಟ್‌ಗಳಿಗೂ ಆ ಗಳಿಗೆಯಲ್ಲೇ ತಿಳಿಯುತ್ತದೆ. ಎಷ್ಟು ಹೊತ್ತು ಮಲಗಿದಿರಿ ಎಂದು ಕೇಳುತ್ತದೆ, ವಿಶ್ರಾಂತಿ ಸಾಲದಿದ್ದರೆ ಮುಂದಿನ ಹಡಗು ಕೊಡುವುದಿಲ್ಲ. ಕಾಲು ಜಾರಿದ್ದು, ಕೈ ತಪ್ಪಿದ್ದು, ಕೂದಲೆಳೆಯಲ್ಲಿ ಪಾರಾದದ್ದು ಎಲ್ಲವನ್ನೂ ಬರೆಯಬೇಕು. ಕಿರಿಯ ಪೈಲಟ್ ಹುಡುಗರು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟರು. ಅತ್ತೆಯ ಕಾಟದ ವಿರುದ್ಧ ಮೊದಲು ಸಿಡಿದೇಳುವವರು ಐವತ್ತೊಂಬತ್ತರ ಜಗ್ಗಣ್ಣನೇ ಎಂದು ಎಲ್ಲರೂ ಕಾದರು. ಜಗ್ಗಣ್ಣ ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ, ಮೊದಲ ವಾರದಲ್ಲೇ ಹನ್ನೊಂದು ಏಣಿಗಳ ಹಣೆಬರಹ ಬರೆದರು. ಹಡಗುಗಳು ಹೊರಗೆ ನಿಂತವು, ಮೇಲಧಿಕಾರಿಗಳು ಸಿಡಿಮಿಡಿಗೊಂಡರು. ಒಳ್ಳೆಯ ಏಣಿ ಕಟ್ಟುವ ತನಕ ಅವರು ಬೋಟಿನಲ್ಲಿ ಕೂತೇ ಇರುತ್ತಿದ್ದರು, ಆಮೇಲೆ ಹತ್ತಿ, ಕಪ್ತಾನ ಕೊಟ್ಟ ಕಾಫಿಯನ್ನು ಮರ್ಯಾದೆಯಿಂದ ಕುಡಿದು, ಅವನ ಎದುರಿಗೇ ದೂರನ್ನು ಕಳಿಸುತ್ತಿದ್ದರು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಅದಾಯಿತು. ಶಾಂತ ಸಮುದ್ರ, ಹೊಸ ಏಣಿ, ಬೆಳಗಿನ ಹತ್ತು ಗಂಟೆಯ ಬಿಸಿಲು. ಇನ್ನು ನಾಲ್ಕೇ ಮೆಟ್ಟಿಲು ಇರುವಾಗ ಎಡಗೈ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಬಲಗೈಯೊಂದರಲ್ಲೇ ಅರೆಕ್ಷಣ ತೂಗಿ, ಸಾವರಿಸಿಕೊಂಡು, ಮೇಲೇರಿ ಹಡಗನ್ನು ಎಂದಿನಂತೆ ಒಳಗೆ ತಂದರು. ನೋಡಿದವನು ಬೋಟು ನಡೆಸುವವನೊಬ್ಬನೇ. ಬರೆದರೆ ವೈದ್ಯರು ಒಪ್ಪುವ ತನಕ ಏಣಿ ಹತ್ತುವಂತಿಲ್ಲ. ಆ ಬೆರಳುಗಳು ತಿಂಗಳುಗಳಿಂದ ಜೋಮು ಹಿಡಿಯುತ್ತಿದ್ದುದರಿಂದ ವೈದ್ಯರು ಏನೆನ್ನುವರೆಂದು ಅವರಿಗೂ ಗೊತ್ತಿತ್ತು.

“ಅಣ್ಣಾ, ನಾನೇನೂ ನೋಡಿಲ್ಲ. ಎಂಟು ತಿಂಗಳು ತಾನೇ, ಹೇಗೋ ಕಳೆದುಹೋಗುತ್ತೆ” ಎಂದನಂತೆ ಬೋಟಿನವನು. ಅವನದು ಶುದ್ಧ ಪ್ರೀತಿ.

ಜಗ್ಗಣ್ಣ ನನ್ನ ಕೋಣೆಯ ಮೂಲೆಯಲ್ಲಿ ಕೂತು ಅರ್ಧ ಗಂಟೆ ಟ್ಯಾಬ್ ಮೇಲೆ ಬೆರಳೊತ್ತಿದರು. ಅವರು ಇನ್ನೂ ಕಳಿಸಿರಲಿಲ್ಲ. ನಾನು ಭುಜದ ಮೇಲಿಂದ ಬಗ್ಗಿ ಓದಿದೆ: ‘ಏಣಿ ಸರಿಯಿದೆ. ಹತ್ತಿದವನ ಎಡಗೈ ಸರಿಯಿಲ್ಲ.’ ಮೊದಲು ವೈದ್ಯರನ್ನು ನೋಡಿ, ನಾಳೆ ಕಳಿಸಿದರಾಯಿತು ಎಂದೆ.

“ನಾಳೆ ಅಂತ ಆ ಕಪ್ತಾನನೂ ಹೇಳಿದ್ದ ಕಣಪ್ಪಾ” ಎಂದರು. “ನಾನು ಮೇಲಿಂದ ಬಿದ್ರೆ ಕೆಳಗೆ ನಿಂತಿರೋ ಬೋಟಿನವನ ತಲೆ ಮೇಲೇ ಬೀಳೋದು.” ಹಾಗೆಂದು ಒತ್ತಿಬಿಟ್ಟರು.

ಅವರು ಮತ್ತೆ ಏಣಿ ಹತ್ತಲಿಲ್ಲ. ಉಳಿದ ಎಂಟು ತಿಂಗಳು ದಡದ ಕೋಣೆಯಲ್ಲಿ ಬೇರೆಯವರ ಫೋಟೋಗಳನ್ನು ಪರಿಶೀಲಿಸಿದರು. ಬೋಟು ಹೊರಡುವ ಸದ್ದಾದಾಗ ಮಾತ್ರ ಓದುತ್ತಿದ್ದ ಸಾಲು ಅವರಿಗೆ ತಪ್ಪಿಹೋಗುತ್ತಿತ್ತು. ಅವರು ಅದನ್ನು ಬರೆದು ಕಳಿಸಿದ ತಿಂಗಳಲ್ಲೇ ಮೂವರು ಹುಡುಗರು, ಯಾರೂ ಕೇಳದೆ, ತಮ್ಮ ಕೈಕಾಲು ತಪ್ಪಿದ ಗಳಿಗೆಗಳನ್ನು ಬರೆದು ಕಳಿಸಿದರು.

ಪರರ ಹಗ್ಗದಲ್ಲಿ ಹುಳುಕು ಹುಡುಕುವವರಿಗೆ ಲೋಕದಲ್ಲಿ ಬರವಿಲ್ಲ. ಹುಳುಕಿನ ಪಟ್ಟಿಯಲ್ಲಿ ತನ್ನ ಕೈಯನ್ನೂ ಸೇರಿಸಿ ಸಹಿ ಹಾಕುವವರು ಅಪರೂಪ. ಯಂತ್ರ ಎಷ್ಟೇ ಜಾಣವಾಗಿರಲಿ, ಇಂಥವರ ನಿಜ ಅದರೊಳಗೆ ಹೋಗದಿದ್ದರೆ ಅದು ಬರೀ ಗಾಜು. ಇವರಿಗೆ ಕೀರ್ತಿಯೂ ಬರುವುದಿಲ್ಲ, ಏಕೆಂದರೆ ಇವರು ತಪ್ಪಿಸಿದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ. ಇವರಿಂದ ಉಳಿದ ಜೀವಗಳಿಗೆ ತಾವು ಉಳಿದದ್ದೇ ತಿಳಿಯದು. ಹಾಗೆ ಉಳಿದವರು ಸಂಜೆ ಮನೆಗೆ ಹೋಗುತ್ತಾರೆ, ಸಾರಿಗೆ ಉಪ್ಪು ಸಾಲದೆಂದು ಗೊಣಗುತ್ತಾರೆ.