ರಾಮಮ್ಮ ಒತ್ತದ ಹೆಬ್ಬೆಟ್ಟು

ನನ್ನ ಹೆಸರು ರಾಮಮ್ಮ. ಜಾವಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಕೂಲಿ ಕೆಲಸ. ಆಳುಗಳ ಲೈನಿನಲ್ಲಿ ಕೊನೆಯ ಮನೆ ನನ್ನದು. ಕಡೂರು ಕಡೆಯಿಂದ ಗಂಡನ ಜೊತೆ ಬಂದವಳು ನಾನು. ಈ ಸಂಗತಿ ನಡೆದಾಗ ಅವನು ತೀರಿಹೋಗಿ ಹದಿನಾಲ್ಕು ವರ್ಷವಾಗಿತ್ತು, ಮಕ್ಕಳಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಬಾಯಿ ಬೊಂಬಾಯಿ. ಇದನ್ನು ನಾನೇ ಹೇಳಿಬಿಡುತ್ತೇನೆ, ನೀವು ಬೇರೆಯವರಿಂದ ಕೇಳುವುದು ಬೇಡ.

ನಮ್ಮ ಲೈನಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಸತ್ತರೆ, ಟವೆಲು ಹಿಡಿಯುವ ಪದ್ಧತಿ ಇತ್ತು. ನಿಮ್ಮಲ್ಲೂ ಇರಬಹುದು. ಮೇಸ್ತ್ರಿ ಬೆಳ್ಳಿಯಪ್ಪ ಹೆಗಲ ಮೇಲಿನ ಟವೆಲನ್ನು ಎರಡು ಕೈಯಲ್ಲಿ ಹಿಡಿದು ಮನೆ ಮನೆಗೆ ಬರುತ್ತಿದ್ದ. ನಾವು ಕೈಲಾದದ್ದು ಹಾಕುತ್ತಿದ್ದೆವು. ನೆಂಟರಿಷ್ಟರು ಇದ್ದವರಿಗೆ ಟವೆಲು ತುಂಬುತ್ತಿತ್ತು. ಇಲ್ಲದವರಿಗೆ ಬರೀ ಚಿಲ್ಲರೆ ಬೀಳುತ್ತಿತ್ತು.

ತೊಂಬತ್ತೆಂಟನೇ ಇಸವಿ ದೀಪಾವಳಿ ಕಳೆದ ಮೇಲೆ ವಸಂತಮ್ಮ ಒಂದು ಮಾತು ತಂದಳು. ನಾವು ಕೆಲಸಕ್ಕೆ ಹೋದಾಗ ಲೈನಿನ ಮಕ್ಕಳನ್ನು ನೋಡಿಕೊಳ್ಳುವವಳು ಅವಳು. ನಾಲ್ಕಕ್ಷರ ಓದಿದ್ದಾಳೆ. ಟವೆಲು ಹಿಡಿಯುವುದು ಬಿಟ್ಟು ಒಂದು ಕ್ಷೇಮನಿಧಿ ಮಾಡೋಣ ಎಂದಳು. ವಾರದ ಬಟವಾಡೆಯಲ್ಲಿ ಪ್ರತಿಯೊಬ್ಬರ ಕೂಲಿಯಿಂದ ಎರಡು ರೂಪಾಯಿ ಹಿಡಿಯುವುದು. ಎಸ್ಟೇಟಿನ ಸಾಹುಕಾರರೂ ಅಷ್ಟೇ ಸೇರಿಸುವುದು. ಆಸ್ಪತ್ರೆಗೆ, ಜೀಪಿಗೆ, ಹೆರಿಗೆಗೆ, ಸಾವಿಗೆ, ಯಾರಿಗೆ ಬೇಕೋ ಅವರಿಗೆ ಕೇಳಿದ ದಿನವೇ ಕೊಡುವುದು. ಸಾಹುಕಾರರು ಶಾಂತವೀರಪ್ಪನವರು ಒಪ್ಪಿದರು. ಆದರೆ ಮಸ್ಟರಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರಿರುವ ಎಲ್ಲರೂ ಸೇರಬೇಕು, ಒಪ್ಪಿಗೆ ಇಲ್ಲದೆ ಯಾರ ಕೂಲಿಯಿಂದಲೂ ಒಂದು ಪೈಸೆ ಹಿಡಿಯುವುದಿಲ್ಲ ಎಂದರು.

ಒಂದೇ ವಾರದಲ್ಲಿ ಎಲ್ಲರೂ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು, ನಾನೊಬ್ಬಳನ್ನು ಬಿಟ್ಟು.

ವಸಂತಮ್ಮ ಮೂರು ಸಲ ನನ್ನ ಮನೆ ಬಾಗಿಲಿಗೆ ಬಂದಳು. ದುಡ್ಡು ಯಾರು ನುಂಗುತ್ತಾರೆ ಎಂದು ಕೇಳಿದೆ. ದುಡ್ಡು ಬ್ಯಾಂಕಿನಲ್ಲಿರುತ್ತದೆ, ತೆಗೆಯಲು ಇಬ್ಬರ ರುಜು ಬೇಕು, ಅದರಲ್ಲಿ ಒಬ್ಬರು ಆಳುಗಳ ಪೈಕಿ ಎಂದಳು. ಹಿಡಿದದ್ದು ನಮ್ಮ ಕೂಲಿ ಚೀಟಿಯಲ್ಲಿ ಬರುತ್ತದೆ, ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದುತ್ತಾರೆ ಎಂದಳು. ಮಾತಿನಲ್ಲಿ ಸೋತಾಗ ನನ್ನ ಬಾಯಿ ಇನ್ನೂ ಜೋರಾಗುತ್ತದೆ.

“ಹೆರಿಗೆಗೆ ಅಂತೀಯ, ನಾನಿನ್ನು ಹೆರ್ತೀನಾ? ಕಂಡೋರ ಸಂಸಾರಕ್ಕೆ ನಾನ್ಯಾಕೆ ಕೊಡ್ಲಿ?” ಎಂದೆ.

“ನಿಂಗೇ ಕಾಯಿಲೆ ಬಂದ್ರೆ ಎಂತ ಮಾಡ್ತೀಯ ಮಾರಾಯ್ತಿ?”

“ಸಾಯ್ತೀನಿ. ಕೇಳೋರು ಯಾರಿದಾರೆ ನಂಗೆ?”

ನಿಜ ಹೇಳುತ್ತೇನೆ, ಅದು ಎರಡು ರೂಪಾಯಿಯ ಮಾತಾಗಿರಲಿಲ್ಲ. ಎಲೆಅಡಿಕೆಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದೆ. ಹಬ್ಬದಲ್ಲಿ ಒಂದು ಹೋಳಿಗೆ ತಂದುಕೊಡದವರಿಗೆ ಈಗ ದುಡ್ಡು ಬೇಕಾದಾಗ ಮಾತ್ರ ನಾನು ನೆನಪಾದೆನಾ ಎಂದು ಹೊಟ್ಟೆ ಉರಿಯುತ್ತಿತ್ತು.

ನನ್ನ ಪಕ್ಕದ ಮನೆಯಲ್ಲಿ ತುಂಗಮ್ಮ ಇದ್ದಳು. ಅವಳೂ ಒಂಟಿ. ಇಬ್ಬರ ನಡುವೆ ಒಂದೇ ಗೋಡೆ. ನಲ್ಲಿಯ ಹತ್ತಿರ ಅವಳು ನನ್ನ ಕೊಡ ಸರಿಸಿದಳೆಂದು ಜಗಳವಾಗಿ ಎಂಟು ವರ್ಷದಿಂದ ಮಾತಿರಲಿಲ್ಲ. ಗೋಡೆಯಾಚೆ ಅವಳು ಕೆಮ್ಮಿದರೂ ನನಗೆ ಕೇಳುತ್ತಿತ್ತು. ಕೆಮ್ಮಿದಾಗಲೆಲ್ಲ ಶಾಪ ಹಾಕುತ್ತಿದ್ದೆ.

ಜನವರಿಯಲ್ಲಿ ಕಾಫಿ ಹಣ್ಣು ಕುಯ್ಯುವ ಕೆಲಸ ಜೋರಾಗಿದ್ದಾಗ ತುಂಗಮ್ಮನಿಗೆ ಜ್ವರ ಬಂತು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಉಸಿರಾಡಲು ಕಷ್ಟವಾಯಿತು. ಸಾಹುಕಾರರು ಚಿಕ್ಕಮಗಳೂರಿಗೆ ಹೋಗಿದ್ದರು. ಬಾಡಿಗೆ ಜೀಪಿನವನು ದುಡ್ಡು ಮೊದಲು ಎಂದ. ಸಂಜೆ ಬೆಳ್ಳಿಯಪ್ಪ ಟವೆಲು ಹಿಡಿದ.

ನನ್ನ ಅಕ್ಕಿ ಡಬ್ಬಿಯಲ್ಲಿ ಐವತ್ತರ ಒಂದು ನೋಟಿತ್ತು. ಬೆಳ್ಳಿಯಪ್ಪ ಬಾಗಿಲಿಗೆ ಬಂದು, “ರಾಮಮ್ಮ, ತುಂಗಮ್ಮಂಗೆ ಉಸಿರು ಸಿಗ್ತಿಲ್ಲ” ಎಂದ. ನಾನು ಒಳಗಿನಿಂದಲೇ, “ನಂಗೂ ಅವ್ಳಿಗೂ ಮಾತಿಲ್ಲ” ಎಂದೆ. ಬಾಗಿಲು ತೆಗೆಯಲಿಲ್ಲ. ಅವನು ಟವೆಲು ಹಿಡಿದುಕೊಂಡು ವಾಪಸ್ಸು ಹೋದ.

ಟವೆಲಿಗೆ ಬಿದ್ದದ್ದು ಸಾಲಲಿಲ್ಲ. ಮಾರನೆಯ ದಿನ ವಸಂತಮ್ಮ ತನ್ನ ಕಿವಿಯ ಓಲೆ ಅಡವಿಟ್ಟಳು, ಮಧ್ಯಾಹ್ನ ಜೀಪು ಬಂತು. ಮೂಡಿಗೆರೆಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ತುಂಗಮ್ಮ ತೀರಿಕೊಂಡಳು. ನಾನು ದುಡ್ಡು ಹಾಕಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತಿದ್ದರೆ ಕೇಳಿದ ದಿನವೇ ಜೀಪು ಬರುತ್ತಿತ್ತು. ಅಷ್ಟು ಗೊತ್ತು.

ಆಮೇಲೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಗೋಡೆಯಾಚೆ ಸದ್ದೇ ಇಲ್ಲ. ಒಂದು ದಿನ ಒಲೆ ಮುಂದೆ ಕೂತು ನಾನೇ ಬೇಕೆಂದು ಕೆಮ್ಮಿ ನೋಡಿದೆ. ಇಡೀ ಲೈನಿನಲ್ಲಿ ನಾನೊಬ್ಬಳೇ ಉಳಿದ ಹಾಗಾಯಿತು. ನನಗೆ ಉಸಿರು ಸಿಗದಿದ್ದರೆ ಯಾರ ಬಾಗಿಲು ತೆರೆಯುತ್ತದೆ ಎಂದು ಯೋಚಿಸಿದೆ. ಹೆದರಿಕೆಯಾಯಿತು.

ಮುಂದಿನ ಬಟವಾಡೆಯ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರುದ್ರೇಶ್ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಎಲ್ಲರ ಒಪ್ಪಿಗೆ ಕಾಗದಗಳಿದ್ದವು. ತುಂಗಮ್ಮನದನ್ನು ತೆಗೆದು ಬೇರೆ ಇಡಬೇಕು, ಅದರಲ್ಲಿ ನಿಮ್ಮ ಹೆಸರಿದೆ, ನಿಮಗೆ ತಿಳಿಸಬೇಕಲ್ಲ ಎಂದರು.

ಪ್ರತಿ ಕಾಗದದಲ್ಲೂ ಒಂದು ಸಾಲು ಇರುತ್ತದೆ: ನನ್ನ ನಂತರ ನಿಧಿಯಿಂದ ಬರುವ ಹಣ ಯಾರಿಗೆ. ಎಲ್ಲರೂ ಗಂಡ, ಹೆಂಡತಿ, ಮಕ್ಕಳ ಹೆಸರು ಹೇಳಿದ್ದರು. ತುಂಗಮ್ಮ ‘ರಾಮಮ್ಮ, ಪಕ್ಕದ ಮನೆ’ ಎಂದು ಬರೆಸಿದ್ದಳು. ಸಂಬಂಧ ಏನು ಬರೆಯಲಿ ಎಂದು ರುದ್ರೇಶ್ ಕೇಳಿದ್ದರಂತೆ.

“‘ಅಕ್ಕ ಅಂತ ಬರ್ಕೊಳ್ಳಿ. ಅವ್ಳಿಗೂ ಯಾರೂ ಇಲ್ಲ’ ಅಂದ್ರು,” ಎಂದು ರುದ್ರೇಶ್ ಅವಳ ಮಾತನ್ನು ಹೇಳಿದರು.

ಆ ಕಾಗದದಿಂದ ನನಗೆ ಬರುವಂಥದ್ದು ಏನೂ ಇರಲಿಲ್ಲ. ನಿಧಿಯೇ ಶುರುವಾಗಿರಲಿಲ್ಲವಲ್ಲ. ತಡೆದವಳು ನಾನೇ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ, ಅಲ್ಲೇ ನಿಂತು ಅತ್ತೆ. ಆಮೇಲೆ ಹೆಬ್ಬೆಟ್ಟು ಒತ್ತಿದೆ. ನಿಮ್ಮ ನಂತರ ಯಾರಿಗೆ ಎಂದು ರುದ್ರೇಶ್ ಕೇಳಿದರು. ಈ ಲೈನಿನಲ್ಲಿ ಯಾರೂ ಇಲ್ಲದವರು ಮುಂದೆ ಯಾರಾದರೂ ಬಂದರೆ ಅವರಿಗೆ ಎಂದೆ.

ಈಗ ನಿಧಿಗೆ ಐದು ವರ್ಷ. ನಮ್ಮಲ್ಲಿ ಟವೆಲು ಹಿಡಿಯುವುದು ನಿಂತಿದೆ. ವಸಂತಮ್ಮನ ಓಲೆಯನ್ನು ಮೊದಲ ವರ್ಷವೇ ಬಿಡಿಸಿಕೊಟ್ಟೆವು.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟವೆಲು ಮುಖ ನೋಡಿ ತುಂಬುತ್ತದೆ. ನಿಧಿ ಯಾರ ಮುಖವನ್ನೂ ನೋಡುವುದಿಲ್ಲ. ನನಗ್ಯಾರೂ ಇಲ್ಲ, ನನಗ್ಯಾಕೆ ಎನ್ನುವವರಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು. ನಿಮ್ಮ ಕೂಲಿಯಿಂದ ಕ್ಷೇಮನಿಧಿಗೆ ಹಿಡಿಯುತ್ತೇವೆ ಎಂದರೆ ಎಷ್ಟು ಎಂದು ಕೇಳಿ, ಎಲ್ಲಿಡುತ್ತೀರಿ ಎಂದು ಕೇಳಿ, ಚೀಟಿಯಲ್ಲಿ ಬರೆದಿದೆಯೇ ನೋಡಿ, ಲೆಕ್ಕ ಓದಿಸಿ. ಕೇಳುವುದು ನಿಮ್ಮ ಹಕ್ಕು, ನಾಚಿಕೊಳ್ಳಬೇಡಿ. ಎಲ್ಲ ಸರಿ ಕಂಡರೆ ತಡ ಮಾಡದೆ ಸೇರಿ. ಪಕ್ಕದ ಮನೆಯವರ ಹತ್ತಿರ ಮಾತು ಬಿಟ್ಟಿದ್ದರೂ ಸೇರಿ. ತುಂಗಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಳು, ಆದರೂ ಸೇರಿದ್ದಳು.